ನಾಯಿಪಾಡು

ಡಾಕ್ಟರಮ್ಮ ನತಿಯಾ ಕೊಟ್ಟ ಹಾಳೆಯಲ್ಲಿ ಏಳು ಪ್ರಶ್ನೆ.
ಒಂದೊಂದಕ್ಕೂ ಹತ್ತರಲ್ಲೆಷ್ಟು, ಬರೆದು ತನ್ನಿ, ಜೆಮಾಲ್ ಮಾಮ.
ನೋವು ಎಷ್ಟು, ಹಸಿವು ಎಷ್ಟು,
ನೀರು ಕುಡಿಯುತ್ತದೆಯೇ, ಮೈ ಚೊಕ್ಕಟವೇ,
ತಾನೇ ಎದ್ದು ನಿಲ್ಲುತ್ತದೆಯೇ,
ತಿಂಗಳಲ್ಲಿ ಒಳ್ಳೆಯ ದಿನ ಹೆಚ್ಚೋ ಕೆಟ್ಟದ್ದು ಹೆಚ್ಚೋ.
ಏಳನೆಯದು ಒಂದೇ ಪದ: ಸಂತೋಷ.
ಅದರ ಮುಂದೆ ಗೆರೆ, ಗೆರೆಯ ಮೇಲೆ ಏನೂ ಇಲ್ಲ.

ಬೊಂಬೊರಾ ಮೇಜಿನಡಿ ನನ್ನ ಚಪ್ಪಲಿಗೆ ಗದ್ದ ಊರಿ ಮಲಗಿದೆ.
ಹದಿನಾಲ್ಕು ವರ್ಷ. ಹಿಂಗಾಲು ಎರಡೂ ಬೇರೆ ಯಾರದೋ ಎಂಬಂತೆ
ಮುಂಗಾಲು ಹೋದಮೇಲೆ ಯೋಚಿಸಿ ಬರುತ್ತವೆ.

ನಮ್ಮದು ಒಂಬತ್ತನೇ ಮಹಡಿ, ವಾರ್ಕೆತಿಲಿಯ ಹಳೇ ಬ್ಲಾಕು.
ಲಿಫ್ಟಿಗೆ ಹತ್ತು ತೆತ್ರಿ ಹಾಕಬೇಕು, ಹಾಕಿದರೆ ನಡುಗುತ್ತಾ ಬರುತ್ತದೆ.
ಮೂವತ್ತೊಂದು ವರ್ಷ ತ್ಬಿಲಿಸಿಯ ಲಿಫ್ಟುಗಳಿಗೆ ಎಣ್ಣೆ ಬಿಟ್ಟವನು ನಾನು,
ಹಗ್ಗದ ಒಂದೊಂದು ಎಳೆಯ ನರಳಾಟ ಗೊತ್ತು;
ಅದಕ್ಕೇ ಇರಬೇಕು, ಸ್ವಂತ ನಾಯಿಯನ್ನು ಯಾವತ್ತೂ ಹತ್ತಿಸಿರಲಿಲ್ಲ.
ನೂರ ನಲವತ್ತನಾಲ್ಕು ಮೆಟ್ಟಿಲು, ದಿನಕ್ಕೆರಡು ಸಲ.

ಈ ಚಳಿಗಾಲ ಅದು ಏಳನೇ ಮಹಡಿಯಲ್ಲೇ ಕೂತುಬಿಟ್ಟಾಗ
ಕರುಣೆ ಬಂತು ನನಗೆ. ಕರುಣೆಗೆ ಯಾವಾಗಲೂ ಅವಸರ.
ಎತ್ತಿಕೊಂಡು ಲಿಫ್ಟಿಗೆ ಹೊಕ್ಕೆ. ನಲವತ್ತು ಸೆಕೆಂಡು. ಅಂಗಳ.
ಏದುಸಿರಿಲ್ಲ, ಇಬ್ಬರಿಗೂ.
ಒಳಗೆ ವಾಸನೆ ಒಂದೇ, ಎಣ್ಣೆಯದು,
ಅಂದರೆ ನನ್ನದೇ.

ಒಂದು ವಾರ ಹಾಗೆಯೇ.
ಬಟ್ಟಲಲ್ಲಿ ಬೇಯಿಸಿದ ಕೋಳಿಯ ಕುತ್ತಿಗೆ, ಸೊಂಟಕ್ಕೆ ಬಿಸಿ ಉಪ್ಪಿನ ಚೀಲ,
ಮಲಗಲು ತೀರಿಹೋದ ತಂಗಿಯ ಉಣ್ಣೆಕೋಟು.
ಹಾಳೆಯ ಪ್ರಕಾರ ಹತ್ತಕ್ಕೆ ಹತ್ತರ ನಾಯಿ.
ಆದರೆ ಅಂಗಳದಲ್ಲಿ ಉಚ್ಚೆ ಹೊಯ್ದು ಮುಗಿಸಿದ್ದೇ
ಮೆಟ್ಟಿಲಿನ ಬಾಗಿಲ ಕಡೆ ತಲೆಯೆತ್ತಿ ನಿಲ್ಲುತ್ತಿತ್ತು,
ಪೇಪರು ಬಾರದ ಬೆಳಿಗ್ಗೆ
ನನ್ನಪ್ಪ ಗೇಟು ನೋಡುತ್ತಾ ನಿಲ್ಲುತ್ತಿದ್ದ ಹಾಗೆ.

ಆಗ ಹೊಳೆಯಿತು ಈ ಪೆದ್ದನಿಗೆ.
ನಾನು ಮೆಟ್ಟಿಲು ಅಂದುಕೊಂಡದ್ದು ಅದಕ್ಕೆ ಊರು.
ಆರನೆಯದರಲ್ಲಿ ಲಮಾರಾ, ಬಾಗಿಲು ಬೆರಳಷ್ಟೇ ತೆರೆದು
ಸುಲುಗುನಿ ಚೀಸಿನ ಅಂಚು ನೀಡುವವಳು.
ಐದರಲ್ಲಿ ಜಗಳ; ಬಾಗಿಲಡಿಯಿಂದ ಸೋರುವ ಹಳಸಲು ವೈನಿಗೆ
ಪ್ರತಿದಿನ ಒಂದೇ ಸೀನು.
ನಾಲ್ಕರಲ್ಲಿ ರಾತಿ ಎಂಬ ಹುಡುಗ, ಅವನ ಬೂಟು ಹೊರಗೇ ಇದ್ದರೆ
ಸ್ಕೂಲಿಗೆ ರಜೆಯೆಂದು ಇದಕ್ಕೆ ಗೊತ್ತು.
ಮೂರನೇ ಮಹಡಿಯ ಮುದುಕ ಹೋಗಿಬಿಟ್ಟದ್ದು
ನಮ್ಮೆಲ್ಲರಿಗಿಂತ ಒಂದು ದಿನ ಮೊದಲು ಈ ಮೂಗಿಗೆ ಮುಟ್ಟಿತ್ತು;
ಬಾಗಿಲ ಮುಂದೆ ಮಲಗಿ, ಎಳೆದರೂ ಏಳಲಿಲ್ಲ.
ಎರಡರಲ್ಲಿ ಬೆಕ್ಕು. ಬೆಕ್ಕಿನ ವಿಷಯ ಅದು ಯಾರಿಗೂ ಹೇಳುವುದಿಲ್ಲ.

ಇಷ್ಟನ್ನೂ ನಲವತ್ತು ಸೆಕೆಂಡಿನಲ್ಲಿ ಕತ್ತರಿಸಿ
ಇಗೋ ಸುಖ, ತಗೋ, ಅಂದಿದ್ದೆ.

ಈಗ ಹೀಗೆ: ಹತ್ತುವುದು ಲಿಫ್ಟಿನಲ್ಲಿ, ನಾಣ್ಯ ನನ್ನದು.
ಇಳಿಯುವುದು ನಡೆದು, ಹೊತ್ತು ಅದರದು.
ಹೊಟ್ಟೆಯಡಿ ಟವೆಲು ತೂರಿಸಿ ಹಿಂಭಾಗ ನಾನು ಹಿಡಿದಿರುತ್ತೇನೆ,
ಹರಿದ ಕೈಚೀಲ ಹಿಡಿದವರ ಹಾಗೆ.
ಅದು ಕೂತರೆ ಕೂರುತ್ತೇನೆ. ಮೊನ್ನೆ ಐವತ್ತು ನಿಮಿಷ ಹಿಡಿಯಿತು.
ದಾಟಿಕೊಂಡು ಹೋದವನೊಬ್ಬ ಅಂದ,
ನಾಯಿಪಾಡಾಯಿತಲ್ಲ ಜೆಮಾಲ್ ನಿನ್ನದು.
ಹೌದಪ್ಪ, ಅದೇ.

ಲಮಾರಾ ಮಗಳ ಬಾಣಂತನಕ್ಕೆ ಬತೂಮಿಗೆ ಹೋಗಿದ್ದಾಳೆ.
ಬೊಂಬೊರಾಗೆ ಯಾರೂ ಹೇಳಿಲ್ಲ,
ಅಥವಾ ಬಾಗಿಲು ಹೇಳಿದೆ, ಇದು ನಂಬಿಲ್ಲ.
ಹೊಸ್ತಿಲಿಗೆ ಮೂಗು ಹಚ್ಚಿ
ಅದರ ಪಾಡಿಗೆ ಅದು ನಿಂತಿದೆ.
ನನ್ನ ಪಾಡಿಗೆ ನಾನು ಮೆಟ್ಟಿಲ ಮೇಲೆ ಕೂತು
ಮಂಡಿಯ ಮೇಲೆ ಹಾಳೆ ಬಿಡಿಸಿ
ಪೆನ್ಸಿಲಿಗೆ ಜೇಬು ತಡಕುತ್ತೇನೆ.
ಏಳನೆಯ ಗೆರೆಯ ಮೇಲೆ ಅಂಕಿ ಬರೆಯಲಾಗಲಿಲ್ಲ.
ಇನ್ನೂ ಐದು ಮಹಡಿ ಬಾಕಿ ಇದೆ,
ಎಂದು ಬರೆದೆ.